ನಾಲ್ಕನೇ ಹೊಟ್ಟೆ

ಮುಂಬೈಯಲ್ಲಿ ಸಮುದ್ರದ ದಂಡೆಗೆ ಪರದೇಶದವರ ಒಂದು ವೀಸಾ ಕಚೇರಿ ಇದೆ. ಅಲ್ಲಿ ಗಾಜಿನ ಹಿಂದೆ ಕುಳಿತ ಸಾಹೇಬ ನಿಮ್ಮ ಮಗಳ ಪಗಾರ ಮುಂದಿಟ್ಟುಕೊಂಡು ನಿಮ್ಮ ಮನೆಯ ಹೊಟ್ಟೆಗಳನ್ನು ಎಣಿಸುತ್ತಾನೆ. ಎಷ್ಟು ಹೊಟ್ಟೆ, ಒಂದೊಂದಕ್ಕೆ ಎಷ್ಟು ಬೇಕು, ಮಗಳ ಗಳಿಕೆ ಅದಕ್ಕೆ ಸಾಲುತ್ತದೋ ಇಲ್ಲವೋ. ಸಾಲದಿದ್ದರೆ ಗಂಡ ಇಲ್ಲೇ, ಹೆಂಡತಿ ಅಲ್ಲೇ, ಕೂಸು ಯಾರ ಮಡಿಲಲ್ಲಿದೆಯೋ ಅಲ್ಲೇ. ನಮ್ಮೂರಲ್ಲಿ ಉಣ್ಣುವವರ ಮುಂದೆ ರೊಟ್ಟಿ ಎಣಿಸಿದರೆ ಹಿರಿಯರು ಕೈಮೇಲೆ ಹೊಡೆಯುತ್ತಿದ್ದರು. ಇಲ್ಲಿ ಎಣಿಸುವುದಕ್ಕೆಂದೇ ಒಬ್ಬನಿಗೆ ಪಗಾರ ಕೊಟ್ಟು ಕೂರಿಸಿದ್ದಾರೆ.

ಸಂತೋಷದ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ತಾನೇ ಬಾಯಿಂದ ಜಿಗಿದು ಬರುತ್ತದೆ. ನನ್ನ ಮೊಮ್ಮಗಳು ನೀಲಾ ಅವ್ವನ ಹತ್ತಿರ ಹೋಗಿ ಮುಟ್ಟಿದಳು. ಹತ್ತು ತಿಂಗಳ ಕೂಸಿದ್ದಾಗ ಬಿಟ್ಟು ಹೋದ ಅವ್ವ. ಇವಳಿಗೆ ಈಗ ಐದು ತುಂಬುತ್ತ ಬಂತು. ವಿಮಾನದಿಂದ ಇಳಿದು ಮೊದಲು ಅಪ್ಪನ ಕಾಲ ಹಿಂದೆ ಅಡಗಿದಳಂತೆ, ಆಮೇಲೆ ಅವ್ವನ ಕೊರಳಿಗೆ ಬಿದ್ದವಳು ಮನೆ ಮುಟ್ಟುವ ತನಕ ಬಿಡಲಿಲ್ಲವಂತೆ. ಅಳಿಯಂದಿರು ಹೀಗೆಂದು ಬರೆದ ಕಾಗದವನ್ನು ನಾನು ಚಾಳಿನ ಪ್ರತಿ ಬಾಗಿಲಿಗೂ ಹೋಗಿ ಓದಿ ಬಂದೆ, ಕನ್ನಡ ತಿಳಿಯದವರಿಗೂ. ಇಷ್ಟು ಸಂತೋಷ ಇದ್ದ ಮೇಲೆ ಸಿಟ್ಟು ಯಾಕೆ ಅಂತ ಕೇಳಬಹುದು. ಸಂತೋಷ ದೇವರು ಕೊಟ್ಟದ್ದು, ಸಿಟ್ಟು ಆ ಕಚೇರಿ ಕೊಟ್ಟದ್ದು. ಎರಡನ್ನೂ ಬರೆಯುತ್ತೇನೆ.

ಮಗಳು ಯಾವ ದೇಶದಲ್ಲಿದ್ದಾಳೆ ಅಂತ ಮಾತ್ರ ಬರೆಯುವುದಿಲ್ಲ. ಬರೆದರೆ ಅವಳ ನೌಕರಿಗೆ ಕುತ್ತು ಬಂದೀತು ಎಂದು ಅಳಿಯಂದಿರು ಆಣೆ ಹಾಕಿದ್ದಾರೆ.

ನಾನು ವಿಜಾಪುರದ ಇಂಡಿ ಕಡೆಯವಳು, ನಾಲ್ಕನೇ ಇಯತ್ತೆ ಕಲಿತವಳು. ಮಗಳು ಕಸ್ತೂರಿ ನರ್ಸ್. ಅಳಿಯ ಮಹಾದೇವಪ್ಪ ಚೆಂಬೂರಿನ ಒಂದು ಕಾರಖಾನೆಯಲ್ಲಿ ಫಿಟರ್. ಕಸ್ತೂರಿಗೆ ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಕೂಸನ್ನು ನೋಡಿಕೊಳ್ಳಲು ನನ್ನನ್ನು ಕರೆಸಿದರು. ಆರು ತಿಂಗಳ ಮಾತು ಅಂದರು. ನಾನು ಎರಡು ಸೀರೆ, ಒಂದು ಹೆಂಚು ತೆಗೆದುಕೊಂಡು ರೈಲು ಹತ್ತಿದೆ.

ಚಾಳು ಅಂದರೆ ಒಂದೇ ಪಡಸಾಲೆಗೆ ಸಾಲಾಗಿ ಬಾಗಿಲು ಇರುವ ಕಟ್ಟಡ. ಒಂದು ಬಾಗಿಲಿಗೆ ಒಂದು ಖೋಲಿ, ಒಂದು ಖೋಲಿಗೆ ಒಂದು ಸಂಸಾರ. ನಮ್ಮೂರಲ್ಲಿ ದನ ಕಟ್ಟುವಷ್ಟು ಜಾಗದಲ್ಲಿ ಇಲ್ಲಿ ಮದುವೆ, ಬಾಣಂತನ, ಸಾವು ಎಲ್ಲ ಆಗುತ್ತವೆ. ನೀರು ನಸುಕಿನಲ್ಲಿ ಬರುತ್ತದೆ. ನಳದ ಮುಂದೆ ಕೊಡ ಇಟ್ಟು ಅತ್ತ ತಿರುಗಿದರೆ ಸಾಕು, ಕೊಡ ಹಿಂದಿನ ಸಾಲಿಗೆ ಹೋಗಿರುತ್ತದೆ. ಮೊದಲ ವಾರ ನಾನು ಕನ್ನಡದಲ್ಲೇ ಜಗಳಾಡಿದೆ. ಯಾರಿಗೂ ತಿಳಿಯಲಿಲ್ಲ, ಆದರೆ ನನ್ನ ಕೊಡ ಮತ್ತೆ ಹಿಂದೆ ಹೋಗಲಿಲ್ಲ.

ಮೊದಲ ದಿನ ರೊಟ್ಟಿ ಬಡಿಯಲು ಕುಳಿತಾಗ ಕೆಳಗಿನ ಖೋಲಿಯ ಶೇವಂತಾಬಾಯಿ ಓಡಿ ಬಂದು, ಏನು ಒಡೆಯುತ್ತಿದ್ದೀ ಅಂತ ಕೇಳಿದಳು. ಊರಲ್ಲಿ ರೊಟ್ಟಿಯ ಸಪ್ಪಳ ಕೇಳಿಸದಿದ್ದರೆ ಮನೆಯವರಿಗೆ ಏನಾಯಿತೋ ಅಂತ ಬಂದು ನೋಡುತ್ತಾರೆ. ಇಲ್ಲಿ ಕೇಳಿಸಿದರೆ ಬಂದು ಬೈಯುತ್ತಾರೆ. ನಾನು ಒಂದು ಬಿಸಿ ರೊಟ್ಟಿ ಅವಳ ಕೈಗಿಟ್ಟೆ. ನಮ್ಮ ರೊಟ್ಟಿಗೆ ಅವರು ಭಾಕರಿ ಅನ್ನುತ್ತಾರೆ. ತಿಂದು, ಭಾಕರಿ ಚಲೋ ಇದೆ, ಸಪ್ಪಳ ಜಾಸ್ತಿ ಇದೆ ಅಂದು ಇಳಿದು ಹೋದಳು. ಮರುದಿನ ಆಕೆಯೇ ಧಾರವಾಡ ಕಡೆಯ ನಾಲ್ಕು ಹುಡುಗರನ್ನು ಮೇಲೆ ಕಳಿಸಿದಳು. ಕಾರಖಾನೆಯ ಕೆಲಸಕ್ಕೆ ಬಂದು, ಹೋಟೆಲಿನ ಪಾವು ತಿಂದು ತಿಂದು ಮುಖ ಬಾಡಿಸಿಕೊಂಡವರು. ವರ್ಷ ತುಂಬುವುದರೊಳಗೆ ನಾನು ಹಿಟ್ಟಿನ ಗಿರಣಿಯವನಿಗೆ ಮರಾಠಿಯಲ್ಲಿ ಬೈಯುವಷ್ಟು ಕಲಿತಿದ್ದೆ, ಲೋಕಲ್ ರೈಲು ಹತ್ತಿ ಸೊಲ್ಲಾಪುರದ ಜೋಳ ಎಲ್ಲಿ ಸಿಗುತ್ತದೆ ಅಂತ ಹುಡುಕಿಕೊಂಡಿದ್ದೆ, ಹತ್ತಿಪ್ಪತ್ತು ಮಂದಿಗೆ ರೊಟ್ಟಿ ಕೊಡುತ್ತಿದ್ದೆ. ಎಣಿಸಿ ಮಾರುವುದಕ್ಕೆ ಮೊದಮೊದಲು ನಾಚಿಕೆ ಆಯಿತು. ಹಿಟ್ಟು ಉಳಿದರೆ ಕೊನೆಗೆ ನೀಲಾಗೆ ಅಂಗೈಯಷ್ಟು ಒಂದು ಪುಟ್ಟ ರೊಟ್ಟಿ. ಅದನ್ನು ಎಣಿಸುತ್ತಿರಲಿಲ್ಲ.

ಇದನ್ನೆಲ್ಲ ಬರೆದದ್ದು ಒಂದು ಕಾರಣಕ್ಕೆ. ನಾನು ಮಗಳ ಮನೆಯಲ್ಲಿ ಪುಕ್ಕಟೆ ಉಂಡವಳಲ್ಲ. ಖೋಲಿಯ ಬಾಡಿಗೆಯ ಅರ್ಧ, ಕೂಸಿನ ಹಾಲು ನನ್ನ ರೊಟ್ಟಿಯಿಂದ. ಆದರೆ ಅಳಿಯಂದಿರು ಇದನ್ನು ಯಾರ ಮುಂದೂ ಆಡುವವರಲ್ಲ. ಅತ್ತೆ ದುಡಿಯುತ್ತಾಳೆ, ಅಳಿಯ ಉಣ್ಣುತ್ತಾನೆ ಅಂದರೆ ಗಂಡಸು ತಲೆ ಎತ್ತಿ ನಡೆಯುವುದು ಹೇಗೆ? ನಾನೂ ಆಡುತ್ತಿರಲಿಲ್ಲ. ಮರ್ಯಾದೆ ಇಬ್ಬರದೂ ಉಳಿದಿತ್ತು.

ಆ ಮರ್ಯಾದೆಯೇ ನಮಗೆ ಮುಳುವಾಯಿತು.

ಕಸ್ತೂರಿ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಹಾಗೆ ಕರೆಸಿಕೊಂಡು ಹೊಣೆ ಹೊರುವವರಿಗೆ ಸ್ಪಾನ್ಸರ್ ಅನ್ನುತ್ತಾರೆ. ಅವಳ ಪಗಾರ ಮೂರು ಹೊಟ್ಟೆಗೆ ಸಾಲುತ್ತದೆಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಅದಕ್ಕಾಗಿ ಅವಳು ರಾತ್ರಿ ಪಾಳಿ ಮೇಲೆ ರಾತ್ರಿ ಪಾಳಿ ಮಾಡಿದ್ದಳು. ಅಳಿಯಂದಿರನ್ನು ಕಚೇರಿಗೆ ಕರೆದರು. ಮೊದಲ ಪ್ರಶ್ನೆಯೇ, ಕೈಕಾಲು ಗಟ್ಟಿ ಇದ್ದವನು ಹೆಂಡತಿಯ ಗಳಿಕೆ ಮೇಲೆ ಬದುಕಲು ಹೋಗುತ್ತೀಯಾ ಅಂತ. ಪಾಪ, ಅವರು ಅದನ್ನೂ ನುಂಗಿಕೊಂಡರು. ಆಮೇಲೆ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು. ನಮ್ಮ ಅತ್ತೆ ಇದ್ದಾರೆ, ಅವರನ್ನು ನಾವೇ ನೋಡಿಕೊಳ್ಳುತ್ತೇವೆ ಅಂದರು. ಯಾವ ಒಳ್ಳೆಯ ಅಳಿಯನೂ ಹಾಗೇ ಅನ್ನುತ್ತಾನೆ. ಕಾಗದ ಇದೆಯೇ ಅಂದಾಗ ನನ್ನ ಹೆಸರಿದ್ದ ಒಂದೇ ಕಾಗದ ತೆಗೆದು ಕೊಟ್ಟರು. ಕಸ್ತೂರಿಯ ನರ್ಸ್ ಶಾಲೆಯ ಫೀ ಮಾಫಿಗೆ ಊರ ಲೆಕ್ಕ ಬರೆಯುವ ತಲಾಟಿ ಹಿಂದೆ ಬರೆದುಕೊಟ್ಟಿದ್ದ ಕಾಗದ: ಈಕೆ ವಿಧವೆ, ಹೊಲ ಇಲ್ಲ, ಯಾವ ಉತ್ಪನ್ನವೂ ಇಲ್ಲ.

ಅರ್ಜಿ ತಿರುಗಿ ಬಂತು. ನಾನೂ ಮಗಳ ಮೇಲೆ ಬಿದ್ದ ಹೊಟ್ಟೆಯಂತೆ. ಹಾಗಾದರೆ ನಾಲ್ಕು. ನಾಲ್ಕಕ್ಕೆ ಪಗಾರ ಸಾಲದು.

ನಾನಿರುವ ತನಕ ಕೂಸಿಗೆ ಅವ್ವ ಇಲ್ಲ ಅಂತ ಇದರ ಅರ್ಥ. ಆ ದಿನ ಹೆಂಚಿನ ಮೇಲೆ ಒಂದು ರೊಟ್ಟಿಯೂ ಸರಿ ಬೇಯಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಖರ್ಚಿನ ಲೆಕ್ಕಕ್ಕೆ ನಾನು ಮನೆಯವಳು, ವೀಸಾ ಕೊಡುವಾಗ ಹೊರಗಿನವಳು. ನನಗೆ ಟಿಕೀಟು ಯಾರು ಕೇಳಿದ್ದರು? ಊರಲ್ಲಿ ಏನೂ ಇಲ್ಲ ಅಂತ ತೋರಿಸಿಕೊಟ್ಟರೆ ಮಗಳಿಗೆ ಶಾಲೆ. ಇಲ್ಲಿ ಸಾಕಷ್ಟಿದೆ ಅಂತ ತೋರಿಸಿಕೊಟ್ಟರೆ ಮೊಮ್ಮಗಳಿಗೆ ಅವ್ವ. ಇರುವುದು ಅದೇ ಎರಡು ಕೈ. ಸರಕಾರಗಳು ಬೇರೆ ಬೇರೆ ಕೇಳಿದರೆ ಕೈ ಏನು ಮಾಡೀತು?

ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿರಿ, ನಾನು ರೊಟ್ಟಿ ಮಾರಿ ಬದುಕುತ್ತೇನೆ ಅಂತ ಬರೆಸಿರಿ ಅಂದೆ. ಅಳಿಯಂದಿರು ಅದಕ್ಕೆ ಒಪ್ಪಲಿಲ್ಲ. ಬೇಕಾದರೆ ಊರಲ್ಲಿ ಹೊಲ ಇದೆ ಅಂತ ಬರೆಸೋಣ ಅಂದರು. ಇಲ್ಲದ ಹೊಲ ಬರೆಸುವುದು ಅವರಿಗೆ ನಡೆಯುತ್ತದೆ, ಇರುವ ರೊಟ್ಟಿ ನಡೆಯುವುದಿಲ್ಲ.

"ಅತ್ತೀ, ನಿಮ್ಮನ್ನ ನಾವು ಸಾಕಂಗಿಲ್ಲ ಅಂತ ನನ್ನ ಕೈಲೆ ಕಾಗದ ಮಾಡಸ್ತೀರಿ? ನಮ್ಮೂರಾಗ ಗೊತ್ತಾದ್ರ ಏನಂದಾರು?"

"ನಿಮ್ಮೂರ ಮಂದಿ ವೀಸಾ ಕೊಡತಾರೇನ್ರಿ?"

ಅಳಿಯಂದಿರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ತಲೆಗೇರಿತ್ತು. ನೀಲಾ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಗೋಡೆಯ ಮೇಲಿನ ಕಸ್ತೂರಿಯ ಫೋಟೋಕ್ಕೆ, "ಅವ್ವಾ, ಇವರು ಜಗಳಾ ಮಾಡಾಕತ್ತಾರ" ಅಂತ ಚಾಡಿ ಹೇಳಿದಳು. ಅಳಿಯಂದಿರು ಎದ್ದು ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಅಂದೆ. ಸ್ಟಾಂಪ್ ಪೇಪರ್ ತರಲು ಅಂದರು.

ಮುಂಬೈಯ ಫೋರ್ಟ್ ಕಡೆ, ಕೋರ್ಟಿನ ಹತ್ತಿರ ಫುಟ್‌ಪಾತಿನ ಮೇಲೆ ಟೈಪ್ ಮಾಡುವವರು ಸಾಲಾಗಿ ಕುಳಿತಿರುತ್ತಾರೆ. ನಾನು ಮಗಳ ಗಳಿಕೆಯ ಮೇಲೆ ಬದುಕುತ್ತಿಲ್ಲ, ಮುಂದೆಯೂ ಬದುಕುವುದಿಲ್ಲ, ಮುಂಬೈಯಲ್ಲಿ ನನ್ನ ಸ್ವಂತ ದುಡಿಮೆಯಿಂದ ಇರುತ್ತೇನೆ. ಹೀಗೆ ಅವರಲ್ಲೊಬ್ಬ ಇಂಗ್ಲಿಷಿನಲ್ಲಿ ಹೊಡೆದುಕೊಟ್ಟ. ಕನ್ನಡದಲ್ಲಿ ಸಹಿ ಹಾಕಿದೆ. ರೊಟ್ಟಿ ಒಯ್ಯುವ ಹುಡುಗರು, ಆಯಿ, ನಮ್ಮ ಸಹಿಯೂ ಇರಲಿ, ನಮ್ಮ ಪಗಾರದ ಚೀಟಿಯೂ ಇಡ್ರಿ ಅಂತ ತಂದುಕೊಟ್ಟರು. ಮಗಳು ಪರದೇಶದಲ್ಲಿ ಸ್ಪಾನ್ಸರ್, ನನಗೆ ಚೆಂಬೂರಿನಲ್ಲೇ ಸ್ಪಾನ್ಸರ್ ಸಿಕ್ಕರು.

ಈ ಸಲ ನನ್ನನ್ನೂ ಕರೆದರು. ಗಾಜಿನ ಆಚೆ ಸಾಹೇಬ, ಪಕ್ಕದಲ್ಲಿ ಅವನ ಮಾತನ್ನು ಮರಾಠಿಗೆ ತಿರುಗಿಸುವ ಒಬ್ಬ ಹೆಣ್ಣುಮಗಳು. ತಲಾಟಿಯ ಕಾಗದ ಸುಳ್ಳೋ ಈ ಕಾಗದ ಸುಳ್ಳೋ ಅಂತ ಕೇಳಿದಳು. ಎರಡೂ ಖರೆ, ಅದು ಬರೆದಾಗ ನನ್ನ ಹತ್ತಿರ ಏನೂ ಇರಲಿಲ್ಲ, ಆಮೇಲೆ ಮುಂಬೈಗೆ ಬಂದೆ ಅಂದೆ. ಅವಳು ತಿರುಗಿಸಿ ಹೇಳಿದಳು. ಅವನು ಏನೋ ಬರೆದುಕೊಂಡ. ಆಮೇಲೆ ಅವಳು ದನಿ ಸಣ್ಣದು ಮಾಡಿ ಕೇಳಿದಳು:

"ಇವರೆಲ್ಲ ಹೋದ ಮೇಲೆ ನೀನೂ ಹಿಂದಿನಿಂದ ಹೋಗುತ್ತೀಯಾ, ಆಯಿ?"

ಪ್ರಶ್ನೆ ಅವನದು, ತಾಯಿಗೆ ಅನ್ನುವಂತೆ ಆಯಿ ಅಂದದ್ದು ಅವಳದು. ನೀಲಾ ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ನನಗೆ ಬಂದ ಸಿಟ್ಟಿಗೆ ಆ ಗಾಜು ಒಡೆದು ಹೋಗಬೇಕಿತ್ತು. ಕೂಸಿಗೆ ಮಾತು ಬಂದದ್ದು ನನ್ನ ಮಡಿಲಲ್ಲಿ, ನಡೆದದ್ದು ನನ್ನ ಬೆರಳು ಹಿಡಿದು. ಆದರೂ ಕೂಸು ಹೋಗಬೇಕಾದರೆ ನಾನು, ನನಗೆ ಇವರು ಬೇಕಿಲ್ಲ ಅಂತ ನಾಲ್ಕು ಮಂದಿಯ ಮುಂದೆ ಹೇಳಬೇಕು. ಸೆರಗು ಬಿಡಿಸಿಕೊಂಡೆ.

"ಇಲ್ಲವ್ವಾ. ನನಗ ಇಲ್ಲಿ ನನ್ನದು ಐತಿ."

ವೀಸಾ ಬಂತು. ಚಾಳಿನವರಿಗೆಲ್ಲ ನಾನು ಸಜ್ಜಕ ಮಾಡಿ ಹಂಚಿದೆ, ಶೇವಂತಾಬಾಯಿಯ ಕೈ ಹಿಡಿದು ಪಡಸಾಲೆಯ ತುಂಬ ಕುಣಿದೆ, ಈ ವಯಸ್ಸಿನಲ್ಲಿ. ನೀಲಾ ಬೇರೆ ಹುಡುಗರಿಗೆಲ್ಲ, ನನ್ನ ಅವ್ವ ಫೋಟೋದಾಗಿಂದ ಹೊರಗ ಬರತಾಳ ಅಂತ ಸಾರಿಕೊಂಡು ಬಂದಳು. ಸಹಾರಿನ ವಿಮಾನ ನಿಲ್ದಾಣದಲ್ಲಿ ಅಳಿಯಂದಿರು ಅಷ್ಟು ಮಂದಿಯ ನಡುವೆ ನನ್ನ ಕಾಲು ಮುಟ್ಟಿದರು. ಒಳಗೆ ಹೋಗುವ ಬಾಗಿಲಿಗೂ ಒಂದು ಗಾಜು ಇತ್ತು. ಈ ಊರಿನ ಗಾಜುಗಳನ್ನು ನಾನು ಕ್ಷಮಿಸುವುದಿಲ್ಲ.

ಊರಿಂದ ನನ್ನ ತಂಗಿ ಬರೆಸುತ್ತಾಳೆ, ಕೂಸು ಹೋಯಿತಲ್ಲ, ಇನ್ನು ಆ ಚಾಳಿನಲ್ಲಿ ಯಾರಿಗಾಗಿ ಇದ್ದೀ, ಬಂದುಬಿಡು ಅಂತ. ಹೇಗೆ ಬರಲಿ? ಮುಂಬೈಯಲ್ಲಿ ನನ್ನ ದುಡಿಮೆಯಿಂದ ಇರುತ್ತೇನೆ ಅಂತ ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟಿದ್ದೇನೆ. ನಾನು ಊರಿಗೆ ಬಂದು ಕುಳಿತು, ಯಾರೋ ಹೋಗಿ ಸಾಹೇಬನ ಕಿವಿಗೆ ಹಾಕಿ, ಅವನು ಮತ್ತೆ ನಾಲ್ಕು ಅಂತ ಎಣಿಸಿದರೆ? ತಂಗಿ ಇದನ್ನು ಓದಿಸಿಕೊಂಡು ನಗಬಹುದು. ನಗಲಿ. ಊರಿಗೆ ಹೋದರೆ ರೊಟ್ಟಿಯ ಹುಡುಗರ ಚಿಂತೆ ಹತ್ತುತ್ತದೆ, ಇಲ್ಲಿದ್ದರೆ ಊರಿನ ಬಾವಿಯ ನೀರಿನ ರುಚಿ ನೆನಪಾಗುತ್ತದೆ, ಎರಡೂ ಇಲ್ಲದ ಹೊತ್ತಿನಲ್ಲಿ ಮನಸ್ಸು ನೋಡದ ದೇಶದಲ್ಲಿ ತಿರುಗುತ್ತದೆ. ಅಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲವಂತೆ.

ಮೊನ್ನೆ ಮುಂಜಾನೆ ಜನಗಣತಿಯವನು ಬಂದ. ನಾನು ಕೊನೆಯ ಹಿಟ್ಟಿನಲ್ಲಿ ಆ ಪುಟ್ಟ ರೊಟ್ಟಿ ಬಡಿಯುತ್ತಿದ್ದೆ. ಕೈಗೆ ರೂಢಿಯಾಗಿಬಿಟ್ಟಿದೆ, ಬಿಡಿಸಲು ಆಗುತ್ತಿಲ್ಲ. ಮನೆಯಲ್ಲಿ ಎಷ್ಟು ಮಂದಿ ಅಂತ ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಕೇಳಿದ.

"ನಾಲ್ಕು" ಅಂದೆ.

ಅವನು ಖೋಲಿಯೊಳಗೆ ನೋಡಿದ. ಒಂದು ಹಾಸಿಗೆ, ಒಂದು ತಾಟು. ಉಳಿದ ಮೂವರು ಎಲ್ಲಿ ಅಂದ. ದೂರ ಇದ್ದಾರೆ ಅಂದೆ. ಇಲ್ಲಿ ಮಲಗುವವರನ್ನು ಮಾತ್ರ ಹೇಳಬೇಕು ಆಯಿ, ಇದು ಸರಕಾರದ ಲೆಕ್ಕ ಅಂತ ತಿಳಿಸಿ ಹೇಳಿದ.

"ಸರಕಾರದ್ದು ಒಂದು ಅಂತ ಬರಕೋ" ಅಂದೆ. "ನನ್ನದು ನಾಲ್ಕು."

ಅವನು ಒಂದು ಅಂತ ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದ. ನಾನು ಹೆಂಚಿನ ಮೇಲಿನ ಪುಟ್ಟ ರೊಟ್ಟಿ ತಿರುವಿ ಹಾಕಿದೆ.