ಬ್ರೇಕಿನ ತುಕ್ಕು

ತುಕ್ಕು ತೆಗೆಯುವುದೆಂದರೆ ನನಗೆ ಗೊತ್ತಿದ್ದದ್ದು ದೋಸೆಕಾವಲಿಯದು ಮಾತ್ರ. ಕಾರಿನ ತುಕ್ಕು ನನ್ನ ಪಾಲಿಗೆ ಬಂದದ್ದು ಯಜಮಾನರಿಗೆ ಲಕ್ವ ಹೊಡೆದ ಮೇಲೆ. ಯಲ್ಲಾಪುರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು ಅವರು. ಘಟ್ಟ ಇಳಿಯುವಾಗ ಹಿಂದೆ ಕೂತವರಿಗೆ ನಿದ್ದೆ ಬರಬೇಕು, ಹಾಗೆ ಬ್ರೇಕು ಒತ್ತಬೇಕು ಎನ್ನುತ್ತಿದ್ದರು. ಅಂಥವರ ಬಲಗೈ, ಬಲಗಾಲು ಒಂದು ಬೆಳಿಗ್ಗೆ ಬಿದ್ದುಹೋದವು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ ಮೇಲೆ ಬೆರಳು ಮಡಚಿದವು, ಕಾಲು ಎಳೆದುಕೊಂಡಾದರೂ ನಡೆಯಿತು. ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ. ಇನ್ನು ಬರುವುದು ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಇಂಥದ್ದನ್ನೆಲ್ಲ ಹೆಂಡತಿಯನ್ನೇ ಯಾಕೆ ಹೊರಗೆ ಕರೆದು ಹೇಳುತ್ತಾರೋ! ಒಳಗೆ ಹೋಗಿ ಗಂಡನಿಗೆ ಹೇಳುವ ಕೆಲಸವನ್ನೂ ಅವರೇ ಮಾಡಬಾರದಿತ್ತೆ?

ಬೆರಳು ಮಡಚಿದ್ದೇ ತಡ, ಇವರಿಗೆ ಕಾರಿನ ಹುಚ್ಚು ಹಿಡಿಯಿತು. ಹಿತ್ತಲಿನ ತಗಡಿನ ಮಾಡಿನಡಿ ನಿಂತೇ ಇದ್ದ ಕಾರಿಗೆ ಕಿರವತ್ತಿಯ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಮುಂದಿನ ಗಾಲಿ ಬಿಚ್ಚಿ ಬ್ರೇಕಿನ ಸಾಮಾನನ್ನೆಲ್ಲ ಗೋಣಿತಾಟಿನ ಮೇಲೆ ಸುರಿದ. "ಹೊಸಾವು ಈಗ ಸಿಗೂದಿಲ್ರಿ. ತುಕ್ಕು ತಗದು ಇಡ್ರಿ, ಬಂದು ಕೂಡಿಸಿ ಕೊಡ್ತೀನಿ" ಎಂದು ಹೇಳಿ ಹೋದ.

"ಬ್ರೇಕು ಒಂದು ಸರಿ ಆದ್ರೆ ಸಾಕು. ಆನೇ ನಿನ್ನ ಸೋಂದಕ್ಕೆ ಕರ್ಕಂಡು ಹೋಗ್ತೆ" ಎಂದರು ಇವರು. ಸೋಂದಾ ನನ್ನ ತವರು. ನಾನು ತಂತಿ ಬ್ರಶ್ಶು ಎತ್ತಿಕೊಂಡೆ.

ಇವರು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವುದು, ನಾನು ನೆಲದ ಮೇಲೆ ಕೂತು ತಿಕ್ಕುವುದು. ಸೀಮೆಎಣ್ಣೆ ಹಚ್ಚಿದೆ, ಪಾಲಿಶ್ ಪೇಪರ್ ಉಜ್ಜಿದೆ. ಸಂಜೆ ಬೆಳ್ಳಗೆ ಕಂಡದ್ದು ಹಿತ್ತಲಿನ ತೇವದ ಗಾಳಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತಿತ್ತು. ಕೈಲಾಗದವರು ಮೈ ಪರಚಿಕೊಳ್ಳುತ್ತಾರಂತೆ. ನಾನು ಕಬ್ಬಿಣ ಪರಚುತ್ತಿದ್ದೆ. ಪರಚುವಾಗೆಲ್ಲ, ಇದು ಚೊಕ್ಕಟವಾಗದಿದ್ದರೇ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು. ಅದು ಚೊಕ್ಕಟವಾದರೆ ಅವರು ಸ್ಟಿಯರಿಂಗ್ ಹಿಡಿಯುತ್ತಾರೆ, ಹಿಡಿದರೆ ಎದುರಿಗೆ ಹುಬ್ಬಳ್ಳಿಯಿಂದ ಬರುವ ಲಾರಿಗಳು. ನನಗೆ ಹೆದರಿಕೆಯಾಗುತ್ತಿತ್ತು.

ಕೊನೆಗೆ ಹಿತ್ತಾಳೆ ಬೆಳಗುವ ನಮ್ಮ ಮನೆಮದ್ದನ್ನೇ ಹಿಡಿದೆ. ಮುರುಗಲ ಸಿಪ್ಪೆ ಕುದಿಸಿ, ಆ ಹುಳಿನೀರಿನಲ್ಲಿ ಎಲ್ಲವನ್ನೂ ಮುಳುಗಿಸಿಡುವುದು. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿರಲಿಲ್ಲ. ತವರಿನಿಂದ ತಂದಿಟ್ಟಿದ್ದ ಒಂದು ಪ್ಲಾಸ್ಟಿಕ್ ಬ್ಯಾರಲ್ಲು ಇತ್ತು, ಅದಕ್ಕೇ ಸುರಿದೆ. ಮಾರನೇ ದಿನ ಎತ್ತಿದರೆ ತುಕ್ಕೇನೋ ಬಿಟ್ಟಿತ್ತು, ಆದರೆ ಪ್ರತಿಯೊಂದು ಸಾಮಾನೂ ಹೊಸ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿತ್ತು. ಬ್ಯಾರಲ್ಲಿನ ತಳ ನೋಡಿದಾಗ ಅರ್ಥವಾಯಿತು. ಅಡಕೆಗೆ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ಕಲಸುತ್ತಿದ್ದ ಬ್ಯಾರಲ್ಲು ಅದು. ಒಣಗಿ ಹಿಡಿದಿದ್ದ ನೀಲಿ ಹೆಕ್ಕಳೆಯನ್ನು ಹುಳಿ ಕರಗಿಸಿತ್ತು, ಅದರ ತಾಮ್ರ ಕಬ್ಬಿಣಕ್ಕೆ ಹತ್ತಿತ್ತು. ಔಷಧಿ ಕಲಸುವಾಗ ಅಪ್ಪ ಕತ್ತಿಯ ತುದಿ ಅದ್ದಿ, ಕೆಂಪು ಹಿಡಿದರೆ ಸುಣ್ಣ ಸಾಲದು ಎನ್ನುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದವಳು ನಾನು. ತಲೆಯಲ್ಲಿ ಏನಿತ್ತೋ!

"ಎಂತ ತಿಕ್ಕಿದ್ದೆ ನೀನು? ಕೆಂಪು ಹಾಂಗೇ ಇದ್ದಲೆ!" ಎಂದು ಇವರು ರೇಗಿದರು.

"ಅದು ತುಕ್ಕಲ್ಲ, ತಾಮ್ರ. ಬ್ಯಾರಲ್ಲಲ್ಲಿ ಮೈಲುತುತ್ತ ಇತ್ತು."

"ಎಂಗೆ ಪಾಠ ಹೇಳಡ. ಕೊಡು ಇಲ್ಲಿ."

ಮೊದಲಿಂದಲೂ ಕೋಪ ಮೂಗಿನ ತುದಿಯಲ್ಲೇ. ಗಾಲಿಯೊಳಗೆ ಕೂರುವ, ಬಟ್ಟಲಿನಂಥ ಬ್ರೇಕಿನ ಡ್ರಮ್ಮನ್ನು ಎಡಗೈಯಲ್ಲಿ ತೊಡೆಯ ಮೇಲೆ ಒತ್ತಿ ಹಿಡಿದು, ಬಲಗೈ ಬೆರಳುಗಳ ನಡುವೆ ಪಾಲಿಶ್ ಪೇಪರ್ ಸಿಕ್ಕಿಸಿಕೊಂಡು ಉಜ್ಜತೊಡಗಿದರು. ನಾನು ತಂಬಿಗೆಯಿಂದ ನೀರು ಬಿಡುತ್ತಾ ಕೂತೆ. ಕೈ ಚೆನ್ನಾಗಿಯೇ ಆಡುತ್ತಿತ್ತು. ಇಷ್ಟು ದಿನ ಆಗದ್ದು ಆಗುತ್ತಿದೆಯಲ್ಲ ಎಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಡಾಕ್ಟರ ಮಾತೇ ತಪ್ಪಿರಬಹುದು ಎಂದುಕೊಂಡೆ. ಇವರ ಕಾಲ ಬಳಿ ಕೆಂಪು ನೀರು ಹರಿಯುತ್ತಿತ್ತು. ಅಳಿದುಳಿದ ತುಕ್ಕು ಬಿಡುತ್ತಿದೆ ಎಂದು ಇನ್ನಷ್ಟು ನೀರು ಬಿಟ್ಟೆ.

ಪೇಪರ್ ಯಾವಾಗಲೋ ಜಾರಿ ಕೆಳಗೆ ಬಿದ್ದಿತ್ತು. ಇವರು ಬರಿಗೈಯಲ್ಲಿ ಡ್ರಮ್ಮಿನ ಮುಕ್ಕಾದ ಅಂಚಿಗೆ ಉಜ್ಜುತ್ತಲೇ ಇದ್ದರು. ನಾನು ಕಿರುಚಿ ಕೈ ಹಿಡಿದೆಳೆದೆ. ನಾಲ್ಕೂ ಬೆರಳಿನ ತುದಿಯ ಚರ್ಮ ಎದ್ದುಹೋಗಿತ್ತು.

ಇವರು ತಮ್ಮ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು. ಕೋಪವೆಲ್ಲ ಎಲ್ಲಿಗೆ ಹೋಯಿತೋ.

"ಕೈಗೇ ಗೊತ್ತಾಜಿಲ್ಲೆ" ಎಂದರು. ಆಮೇಲೆ ಬಲಗಾಲನ್ನು ನೋಡಿ ಕೇಳಿದರು, "ಕಾಲಿಗೆ ಬ್ರೇಕು ಗೊತ್ತಾಗ್ತನೆ?"

ಡಾಕ್ಟರು ಹೇಳಿದ್ದನ್ನು ಹೇಳಲು ಇದಕ್ಕಿಂತ ಸರಿಯಾದ ಹೊತ್ತು ಯಾವುದಿತ್ತು? ಆದರೆ ನಾನು ಎದ್ದು ಹೋಗಿ ಅರಿಶಿನ ತಂದೆ. ಗಾಯಕ್ಕೆ ಹಾಕುತ್ತಾ, ಎಲ್ಲರಿಗೂ ಮಾಡುವ ಹಾಗೆ ಬಗ್ಗಿ ಉಫ್ ಉಫ್ ಎಂದು ಊದತೊಡಗಿದೆ.

ಇವರು ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು.

"ಊದಡ" ಎಂದರು. "ಉರಿತಿಲ್ಲೆ."