ಮೂವತ್ತಾರಕ್ಕೆ ಒಂಬತ್ತೇ ಎಂದ ನೀರುಗಂಟಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹುಲ್ಲಹಳ್ಳಿ ನಾಲೆಯ ಏಳನೇ ತೂಬಿನ ಬಳಿ ಗೋವಿಂದಯ್ಯ ಪಂಚೆ ಮೇಲೆತ್ತಿ ಕಟ್ಟಿ, ಎರಡೂ ಕೈಯಲ್ಲಿ ಕಬ್ಬಿಣದ ತಿರುಪು ಹಿಡಿದು ತಿರುಗಿಸುತ್ತಿದ್ದಾರೆ. ಹಲಗೆ ಒಂದು ಗೇಣು ಮೇಲೇಳುತ್ತದೆ. ನೀರು ಕಿರುಗಾಲುವೆಗೆ ನುಗ್ಗಿ ಭತ್ತದ ಗದ್ದೆಗಳ ಕಡೆ ಓಡುತ್ತದೆ. ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ತೂಬಿನ ಸಿಮೆಂಟು ಕಟ್ಟೆಯ ಮೇಲೆ ಹದಿಮೂರು ಮಕ್ಕಳು ಸ್ಲೇಟು ಹಿಡಿದು ಕೂತಾಗಿದೆ.

“ಎರಡಂಕಿ ಸಂಖ್ಯೆ. ಎರಡೂ ಅಂಕಿ ಕೂಡುದ್ರೆ ಒಂಬತ್ತು. ತಿರುಗ್ಸಿ ಬರುದ್ರೆ ಇಪ್ಪತ್ತೇಳು ಕಮ್ಮಿ ಆಯ್ತದೆ. ಯಾವುದು ಅದು?”

ಮುಂದೆ ಕೂತ ಹುಡುಗಿ ತೊಂಬತ್ತು, ಎಂಬತ್ತೊಂದು, ಎಪ್ಪತ್ತೆರಡು ಎಂದು ಒಂದೊಂದಾಗಿ ಬರೆಯತೊಡಗುತ್ತಾಳೆ. ಗೋವಿಂದಯ್ಯ ಅವಳ ಸ್ಲೇಟಿನತ್ತ ಬಾಗುತ್ತಾರೆ.

“ಇಂಗೆ ಉಡುಕ್ತಾ ಕೂತ್ರೆ ಪರೀಕ್ಸೆಲಿ ಬೆಲ್ ಒಡುದ್ಬುಡ್ತಾರೆ ಕಣವ್ವ. ಎಷ್ಟು ಕಮ್ಮಿ ಆಯ್ತೋ ಅದನ್ನ ಒಂಬತ್ರಿಂದ ಭಾಗ್ಸು. ಮೂರು ಬಂತಾ? ಎರಡು ಅಂಕಿಗೂ ಅಷ್ಟೇ ವ್ಯತ್ಯಾಸ. ಕೂಡುದ್ರೆ ಒಂಬತ್ತು, ಕಳುದ್ರೆ ಮೂರು. ಈಗ ಬರಿ, ಯಾವುದು ಅದು?”

ಅರವತ್ಮೂರು ಎಂದು ಬರೆದ ನಾಲ್ಕೈದು ಸ್ಲೇಟುಗಳು ಒಟ್ಟಿಗೆ ಮೇಲೇಳುತ್ತವೆ.

ಗೋವಿಂದಯ್ಯನವರಿಗೆ ಈಗ ಐವತ್ತಾರು. ಓದಿದ್ದು ಏಳನೇ ಕ್ಲಾಸು. ಇಪ್ಪತ್ತೊಂಬತ್ತು ವರ್ಷಗಳಿಂದ ಈ ನಾಲೆಯಲ್ಲಿ ನೀರುಗಂಟಿ. ಹನ್ನೊಂದು ತೂಬು, ಎಂಟು ಕಿಲೋಮೀಟರು ಏರಿ, ದಿನಕ್ಕೆ ಎರಡು ಸಲ ನಡಿಗೆ. ನೀರು ಬಿಟ್ಟ ಕಾಲದಲ್ಲಿ ರಜೆ ಎಂಬುದಿಲ್ಲ. ಈ ನಡಿಗೆಯ ನಡುವೆ ದಿನವೂ ಒಂದು ಗಂಟೆ, ವಸತಿಶಾಲೆಗಳ ಪ್ರವೇಶ ಪರೀಕ್ಷೆ ಬರೆಯುವ ಐದನೇ ಕ್ಲಾಸಿನ ಮಕ್ಕಳಿಗೆ ಅಂಕಿಸಂಖ್ಯೆಗಳ ಲೆಕ್ಕ ಬಿಡಿಸುವುದನ್ನು ಅವರು ಹೇಳಿಕೊಡುತ್ತಾರೆ. 2007ಕ್ಕೆ ಇದು ಹದಿಮೂರನೇ ವರ್ಷ. ಈವರೆಗೆ ಈ ಕಟ್ಟೆಯಿಂದ ಪರೀಕ್ಷೆಗೆ ಹೋದವರು ಇನ್ನೂರ ಹದಿನಾಲ್ಕು ಮಂದಿ, ಪಾಸಾದವರು ಅರವತ್ತೊಂದು.

ಶುರುವಾದದ್ದು 1994ರಲ್ಲಿ. ಮಗಳು ಧನುಶ್ರೀ ಪ್ರವೇಶ ಪರೀಕ್ಷೆ ಬರೆದು ಹೊರಗೆ ಬಂದವಳೇ, “ಅಪ್ಪ, ಅಪವರ್ತನ ಅಂದ್ರೆ ಏನು?” ಎಂದು ಕೇಳಿದಳು. ಅಪ್ಪನಿಗೆ ಗೊತ್ತಿರಲಿಲ್ಲ. ಅವಳಿಗೆ ಸೀಟು ಸಿಗಲಿಲ್ಲ. ಆ ಪರೀಕ್ಷೆಯನ್ನು ಒಬ್ಬರು ಒಂದೇ ಸಲ ಬರೆಯಬಹುದಿತ್ತು.

“ಬಸ್ಸಲ್ಲಿ ಬರೋಗಂಟ ಕಿಟಕಿ ಕಡೀಕೇ ನೋಡ್ಕಂಡ್ ಬಂದಿ” ಎನ್ನುತ್ತಾರೆ ಗೋವಿಂದಯ್ಯ.

ಆ ವಾರ ನಾಲೆ ನೋಡಲು ಬಂದ ಓವರ್‌ಸಿಯರ್ ಶಿವಸ್ವಾಮಿಯವರನ್ನು ಅವರು ಅದೇ ಪ್ರಶ್ನೆ ಕೇಳಿದರು. ಶಿವಸ್ವಾಮಿ ಏರಿಯ ಮೇಲೆ ಕೂತು ತಾವೇ ಒಂದು ಪ್ರಶ್ನೆ ಹಾಕಿದರು. ಇಪ್ಪತ್ನಾಲ್ಕು ಗಂಟೆಯ ನೀರನ್ನು, ಒಂದು ಗಂಟೆಯನ್ನೂ ಒಡೆಯದೆ, ಎಷ್ಟೆಷ್ಟು ಜನಕ್ಕೆ ಸಮನಾಗಿ ಹಂಚಬಹುದು? ನೀರಿನ ಸರದಿ ಹಾಕಿ ಪಳಗಿದ ಗೋವಿಂದಯ್ಯ ನಿಂತಲ್ಲೇ ಹೇಳಿದರು: ಒಬ್ಬರಿಗೆ, ಇಬ್ಬರಿಗೆ, ಮೂರು, ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ನಾಲ್ಕು ಜನಕ್ಕೆ. “ಅದೇ ಕಣಯ್ಯ ಅಪವರ್ತನ” ಎಂದರು ಶಿವಸ್ವಾಮಿ. ಮುಂದಿನ ಸಲ ಬರುವಾಗ ಹಳೆಯ ಗೈಡೊಂದನ್ನು ತಂದುಕೊಟ್ಟರು. ಆ ಪುಣ್ಯಾತ್ಮರ ಹೆಸರು ಹೇಳದೆ ಗೋವಿಂದಯ್ಯ ಯಾವ ವರ್ಷದ ಪಾಠವನ್ನೂ ಶುರು ಮಾಡಿಲ್ಲ.

ಗೈಡಿನ ಲೆಕ್ಕಗಳನ್ನೆಲ್ಲ ಬಿಡಿಸಿ ಮುಗಿಸುವುದಕ್ಕೆ ಅವರಿಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಧನುಶ್ರೀ ಊರಿನ ಶಾಲೆಯಲ್ಲೇ ಆರನೇ ಕ್ಲಾಸು ದಾಟಿದ್ದಳು. ಕಲಿತದ್ದು ವ್ಯರ್ಥವಾಗಬಾರದೆಂದು ಅವರು ಪಕ್ಕದ ಮನೆಗಳ ಮೂವರು ಮಕ್ಕಳನ್ನು ಕಟ್ಟೆಗೆ ಕರೆದರು.

1999ರಲ್ಲಿ ಈ ಪಾಠ ನಿಂತೇ ಹೋಗುವುದರಲ್ಲಿತ್ತು. ಕೂಲಿ ಮಾಡುವ ಮುದ್ದಮ್ಮನವರ ಮಗಳು ಪವಿತ್ರ, ಖಾಸಗಿ ಟ್ರಸ್ಟೊಂದರ ವಸತಿಶಾಲೆಯ ಪರೀಕ್ಷೆ ಬರೆದು ಒಂದೇ ಅಂಕದಲ್ಲಿ ಸೀಟು ಕಳೆದುಕೊಂಡಳು. ಟ್ರಸ್ಟಿನವರು ಗೋಡೆಗೆ ಅಂಟಿಸಿದ ಸರಿಯುತ್ತರದ ಪಟ್ಟಿಯಲ್ಲಿ, ಮೂವತ್ತಾರನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಹತ್ತು ಎಂದಿತ್ತು. ಪವಿತ್ರ ಒಂಬತ್ತು ಎಂದು ಬರೆದಿದ್ದಳು.

ಮುದ್ದಮ್ಮ ಸಂಜೆ ತೂಬಿನ ಹತ್ತಿರ ಬಂದು ನಿಂತರು. “ನೀ ಏಳ್ಕೊಟ್ಟುದ್ದೇ ತಪ್ಪಂತೆ ಕಣಣ್ಣ” ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎನ್ನುತ್ತಾರೆ ಗೋವಿಂದಯ್ಯ. ಏಳನೇ ಕ್ಲಾಸು ಓದಿದವನು ಊರ ಮಕ್ಕಳ ಹಣೆಬರಹಕ್ಕೆ ಕೈ ಹಾಕಿದೆನಲ್ಲ ಎಂದು ಮರುದಿನ ಎಂಟು ಕಿಲೋಮೀಟರೂ ಅದನ್ನೇ ಯೋಚಿಸುತ್ತ ನಡೆದರು. ಕೊನೆಯ ತೂಬಿನ ಹತ್ತಿರ ಕೂತು ಮೂವತ್ತಾರು ಹುಣಸೆ ಬೀಜಗಳನ್ನು ಸಾಲು ಸಾಲಾಗಿ ಜೋಡಿಸಿ ನೋಡಿದರು. ಎಷ್ಟು ಸಲ ಜೋಡಿಸಿದರೂ ಒಂಬತ್ತೇ.

ಅದರ ಮಾರನೆಯ ದಿನ ಗೋವಿಂದಯ್ಯ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು, ಟ್ರಸ್ಟಿನ ಕಚೇರಿಯಿದ್ದ ತಿ. ನರಸೀಪುರದ ಬಸ್ಸು ಹತ್ತಿದರು. ಟ್ರಸ್ಟಿನ ಗುಮಾಸ್ತರು, ಮೈಸೂರಿನಲ್ಲಿ ಅಚ್ಚಾಗಿ ಬಂದ ಉತ್ತರ ತಪ್ಪಾಗುವುದಿಲ್ಲ ಎಂದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದ ಮೇಲೆ ಮ್ಯಾನೇಜರು ಒಳಗೆ ಕರೆದರು. ಗೋವಿಂದಯ್ಯ ಅವರ ಮೇಜಿನ ಮೇಲೆಯೇ ಬೀಜ ಹರಡಿದರು.

“ಎರಡು ಸಾಲಿಗೆ ಅದಿನೆಂಟು. ಅಡ್ಡಡ್ಡ ತಿರುಗ್ಸುದ್ರೆ ಅದಿನೆಂಟು ಸಾಲಿಗೆ ಎರಡು. ಇಂಗೆ ಎಲ್ಲಾ ಜೋಡಿ ಜೋಡಿ ಬತ್ತವೆ ಸಾ. ಆರು ಸಾಲಿಗೆ ಆರು ಮಾತ್ರ ಎಂಗ್ ತಿರುಗ್ಸುದ್ರೂ ಆರೇ. ನಿಮ್ಮೋರು ಅದುನ್ನ ಎರಡ್ಸಲ ಎಣ್ಸವ್ರೆ.”

ಮ್ಯಾನೇಜರು ಹಾಳೆಯಲ್ಲಿ ಬರೆದು ನೋಡಿದರು. ಇನ್ನೊಮ್ಮೆ ಬರೆದರು. ಕನ್ನಡಕ ತೆಗೆದಿಟ್ಟು, “ಕೂತ್ಕೊಳಿ” ಎಂದರು. ಎಲ್ಲರ ಉತ್ತರ ಪತ್ರಿಕೆಯನ್ನೂ ಮತ್ತೆ ತಿದ್ದಿಸಲು ಒಪ್ಪಿದರು. ಹೊಸ ಪಟ್ಟಿಯಾದರೆ ಕೊನೆಯಲ್ಲಿರುವ ಮಗು ಸೀಟು ಬಿಡಬೇಕಾದೀತು ಎಂದೂ ಹೇಳಿದರು. ಎದ್ದು ಹೊರಟಿದ್ದ ಗೋವಿಂದಯ್ಯ ನಿಂತರು. “ಆ ಮಗ ಏನ್ ತಪ್ಪು ಮಾಡ್ತು ಸಾ? ಅದುನ್ನ ತಗೀಬ್ಯಾಡಿ. ಇನ್ನೊಂದು ತಟ್ಟೆ ಆಕ್ಬುಡಿ.”

ಹತ್ತು ದಿನದ ನಂತರ ಪವಿತ್ರಳಿಗೆ ಕಾಗದ ಬಂತು. ಆ ವರ್ಷ ಶಾಲೆಗೆ ಒಂದು ಮಗು ಹೆಚ್ಚಾಗಿ ಸೇರಿತು, ಯಾರ ಹೆಸರನ್ನೂ ಹೊಡೆದುಹಾಕಲಿಲ್ಲ.

ಪವಿತ್ರ ಈಗ ನಂಜನಗೂಡಿನಲ್ಲಿ ಡಿ.ಎಡ್ ಓದುತ್ತಿದ್ದಾಳೆ. “ಅವತ್ತು ನನಗಿಂತ ಅವರಿಗೇ ಹೆಚ್ಚು ಹೆದರಿಕೆ ಇತ್ತು. ನಾನು ಟೀಚರ್ ಆಗ್ಬೇಕು ಅಂತ ನಿರ್ಧಾರ ಮಾಡಿದ್ದು ಆ ಮೇಜಿನ ಮುಂದೇನೇ” ಎನ್ನುತ್ತಾಳೆ. ಮುದ್ದಮ್ಮ ಪ್ರತಿ ವರ್ಷ ಪರೀಕ್ಷೆಯ ಬೆಳಿಗ್ಗೆ ಕಟ್ಟೆಯ ಮಕ್ಕಳಿಗೆಲ್ಲ ಇಡ್ಲಿ ಮಾಡಿ ತರುತ್ತಾರೆ. ತಮ್ಮ ಮಾತು ಅವತ್ತು ದುಡುಕಿತು ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಹೇಳಲಿ ಎಂದು ಗೋವಿಂದಯ್ಯನವರು ಕಾದೂ ಇಲ್ಲ.

ಸೀಟು ಸಿಗದ ಧನುಶ್ರೀ ಹೆಮ್ಮಿಗೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ಅಪ್ಪನಿಗೆ ಕಳಿಸುವುದು ಅವಳೇ. “ಬೇಜಾರಿತ್ತು, ಇಲ್ಲ ಅಂತ ಅನ್ನಲ್ಲ. ಆದ್ರೆ ನಾನು ಪಾಸಾಗಿದ್ರೆ ನಮ್ಮಪ್ಪ ಅಷ್ಟಕ್ಕೇ ಸುಮ್ನಾಗ್ಬುಡ್ತಿತ್ತು. ಆಗ ಈ ಅರವತ್ತೊಂದು ಜನ ಎಲ್ಲಿರ್ತಿದ್ರು?” ಎಂದು ಅವಳು ಕೇಳುತ್ತಾಳೆ.

ಇನ್ನೆರಡು ವರ್ಷಕ್ಕೆ ಗೋವಿಂದಯ್ಯನವರಿಗೆ ನಿವೃತ್ತಿ. ಆಮೇಲೇನು ಎಂದು ಕೇಳಿದರೆ, ಸನ್ಮಾನ, ಶಾಲು ಯಾವುದೂ ಬೇಡವಂತೆ.

“ಅದಿಮೂರು ವರ್ಷ ಆ ಪರೀಕ್ಸೆ ಗೇಟ್ ಆಚೆನೇ ನಿಂತಿವ್ನಿ. ಒಂದ್ಸಲ ಒಳಗ್ ಕೂತ್ಕಬೇಕು ಕಣ್ರೀ. ಬೆಲ್ ಒಡುದ್ಮೇಲೆ ಪೇಪರ್ ಬುಡುಸ್ಬೇಕು, ಮಕ್ಕಳ ತರಾನೇ. ಲೆಕ್ಕದ್ದು ನಲವತ್ತು ಪ್ರಶ್ನೆ. ನಲವತ್ತೂ ಬತ್ತದೆ ಅಂತ ಜಂಬ ಕೊಚ್ಕಳ್ಳಕಿಲ್ಲ. ಮೂವತ್ತೆಂಟಕ್ಕೆ ಮೋಸ ಇಲ್ಲ.”