ಸೂಜಿಯಕ್ಕನ ಏರಿಯಲ್

ಬಾಗಿಲು ತೆರೆದವರು ಆಕೆಯ ಹೆಸರು ಕೇಳುತ್ತಿರಲಿಲ್ಲ. “ಸೂಜಿಯಕ್ಕ ಬಂದ್ರು” ಎಂದು ಒಳಗೊಂದು ಕೂಗು ಹಾಕಿ, ತೋಳು ಮೇಲೇರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಡುತ್ತಿದ್ದರು. ಸಕ್ಕರೆ ಕಾಯಿಲೆಯವರು, ಥೈರಾಯ್ಡಿನವರು, ಹಾಸಿಗೆ ಬಿಟ್ಟೇಳಲಾರದವರು, ಇಂಥವರ ಮನೆಗಳಿಗೆ ಬೆಳಕು ಹರಿಯುವ ಮೊದಲೇ ಹೋಗಿ, ರಕ್ತ ತೆಗೆದು, ಲ್ಯಾಬಿಗೆ ಮುಟ್ಟಿಸುವುದು ಆಕೆಯ ಕೆಲಸ. ಖಾಲಿ ಹೊಟ್ಟೆಯ ರಕ್ತ ಬೇಕೆಂದರೆ ಹೊತ್ತು ಏರಲು ಬಿಡಬಾರದು. ಹೊತ್ತು ಏರಿದಂತೆ ಮನುಷ್ಯನ ಕಾಲು ತಾನಾಗಿ ಅಡುಗೆಮನೆಯ ಕಡೆ ಹೊರಳುತ್ತದೆ.

“ಏನಾದ್ರೂ ತಿಂದ್ರಾ?”

“ಇಲ್ಲಮ್ಮ.”

“ಕುಡಿದ್ರಾ?”

“ನೀರು ಅಷ್ಟೆ.”

“ಆ ನೀರಿಗೆ ಹಾಲು, ಕಾಫಿಪುಡಿ ಏನಾದ್ರೂ ಬಿತ್ತಾ?”

ಅಲ್ಲಿಗೆ ಸತ್ಯ ಹೊರಬೀಳುತ್ತಿತ್ತು. ನೆತ್ತರು ತೆಗೆಯುವವಳಿಗೆ ಉತ್ತರ ತೆಗೆಯುವುದೂ ಚೆನ್ನಾಗಿ ಬರುತ್ತಿತ್ತು. “ನೀವು ನನ್ನ ಹತ್ರ ಸುಳ್ಳು ಹೇಳ್ಬಹುದು, ನಿಮ್ಮ ರಕ್ತ ಹೇಳಲ್ಲ. ಡಾಕ್ಟ್ರು ಅದರ ಮಾತು ಕೇಳಿ ಮಾತ್ರೆ ಜಾಸ್ತಿ ಬರೀತಾರೆ, ಅನುಭವಿಸೋದು ನೀವೇ” ಎಂದು ಸೂಜಿಯನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡು, ನಾಳೆ ಬರುತ್ತೇನೆಂದು ಎದ್ದು ಹೋಗುವಳು. ಅಂಥ ಖಡಕ್ಕು ಹೆಂಗಸು. ಹಾಗೆಂದು ಕೈ ಒರಟಲ್ಲ. ಮೊಣಕೈ ಮಡಿಕೆಯನ್ನು ಎರಡು ಬೆರಳಿನಿಂದ ತಟ್ಟುತ್ತ, ನಿಮ್ಮ ಮೊಮ್ಮಗಳು ಪಾಸಾದಳಾ ಎಂದು ಕೇಳುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. ಉತ್ತರ ಕೊಡಲು ಈ ಕಡೆ ತಿರುಗಿದವರಿಗೆ ಹತ್ತಿಯುಂಡೆಯಷ್ಟೇ ಕಾಣುತ್ತಿತ್ತು.

ಆಕೆಯ ಮನೆ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಚಳಿಗಾಲದಲ್ಲಿ ಕೆಳಗಿನ ಇಸ್ತ್ರಿಯ ಬಿಸಿ ಪುಕ್ಕಟೆ, ಬೇಸಿಗೆಯಲ್ಲೂ ಪುಕ್ಕಟೆ. ಗಂಡ ಸತ್ತು ವರ್ಷಗಳಾಗಿದ್ದವು. ಗಂಡನ ಕಡೆಯಿಂದ ಬಂದ ಆಸ್ತಿ ಎಂದರೆ ಅತ್ತೆ. ಕಣ್ಣಿಗೆ ಪೊರೆ, ಕಿವಿ ಮಾತ್ರ ಬಲು ಚುರುಕು, ದಿಂಬಿನ ಕೆಳಗೆ ಬಿಸ್ಕತ್ತು. ಊರವರ ಸಕ್ಕರೆ ಹಿಡಿಯುವ ಸೊಸೆಗೆ ಮನೆಯ ಸಕ್ಕರೆ ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಒಂದು ಚಳಿಗಾಲದಲ್ಲಿ ನಡೆದದ್ದು ಇದು. ಲಿಫ್ಟಿಲ್ಲದ ಹಳೆಯ ವಸತಿ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರಿದ್ದರು, ತಿಂಗಳಿಗೊಮ್ಮೆ ರಕ್ತ ಕೊಡುವವರು. ಮೆಟ್ಟಿಲಿನ ದೀಪ ಕೆಟ್ಟು ಎಷ್ಟೋ ದಿನವಾಗಿತ್ತು. ನರ ಹುಡುಕಿಕೊಂಡು ಮೇಲೇರುತ್ತಿದ್ದವಳ ಹಿಂದೆ ಆ ಮಬ್ಬಿನಲ್ಲಿ ನರಮನುಷ್ಯನೊಬ್ಬ ಬಂದ. ಒಂದು ಕೈ ಬಾಯಿಯ ಮೇಲೆ ಬಿತ್ತು, ಇನ್ನೊಂದು ಸೊಂಟದ ಸುತ್ತ. ಗೋಡೆಗೆ ಒತ್ತಿ ಹಿಡಿದ. ಮುಖ ಕಾಣಲಿಲ್ಲ. ಬಾಯಿ ಬಿಡಿಸಿಕೊಳ್ಳಲು ಆಕೆ ಹಿಡಿದೆಳೆದ ಹೆಬ್ಬೆರಳಿಗೆ ಉಗುರಿರಲಿಲ್ಲ, ಆ ಜಾಗ ಬೋಳಾಗಿ, ನುಣ್ಣಗೆ ಇತ್ತು. ಅಷ್ಟು ಮಾತ್ರ ಆಕೆಗೆ ತಿಳಿದದ್ದು. ಮೇಲೆ ಯಾರೋ ಚಿಲಕ ತೆಗೆದ ಸದ್ದಾಯಿತು. ಕೈ ಸಡಿಲವಾಯಿತು. ಹೆಜ್ಜೆಗಳು ಧಡಧಡ ಕೆಳಗಿಳಿದವು.

ಠಾಣೆಯಲ್ಲಿದ್ದ ಪೇದೆ ಟೀ ಲೋಟ ಕೆಳಗಿಡಲಿಲ್ಲ. “ಮುಖ ನೋಡಿಲ್ಲ ಅಂತೀರ. ಏನೂ ಕಳ್ಕೊಂಡಿಲ್ಲ ಅಂತೀರ. ಏನಂತ ಬರೀಲಿ ಮೇಡಂ?”

“ಹೆಬ್ಬೆರಳಿಗೆ ಉಗುರಿರಲಿಲ್ಲ ಅಂತ ಬರೀರಿ.”

“ಉಗುರಿಲ್ಲದೋನು ಪರಚೋಕೂ ಆಗಲ್ಲ ಬಿಡಿ” ಎಂದು ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಕನಿಕರವೂ ಬಂದಿರಬೇಕು. “ನೋಡಿ, ಕತ್ತಲಲ್ಲಿ ಓಡಾಡೋರು ಕೈಯಲ್ಲಿ ಏನಾದ್ರೂ ಇಟ್ಕೊಂಡಿರ್ಬೇಕು” ಎಂದು ಬುದ್ಧಿ ಹೇಳಿ ಕಳಿಸಿದ. ದೂರನ್ನೂ ಬರೆದುಕೊಳ್ಳಲಿಲ್ಲ, ತಾನು ಹೇಳಿದ ಬುದ್ಧಿಯನ್ನೂ ಬರೆದಿಡಲಿಲ್ಲ.

ಆಕೆಯ ತಮ್ಮನದು ಬೀಗ ಮತ್ತು ಛತ್ರಿಯ ಅಂಗಡಿ. ಅಕ್ಕನ ಕಥೆ ಕೇಳಿ ಕಣ್ಣು ಕೆಂಪಗೆ ಮಾಡಿಕೊಂಡ. ಗಾಜಿನ ಕಪಾಟಿನಿಂದ ಒಂದು ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಒಂದು ಗೇಣಿನ ಕಪ್ಪು ಕಬ್ಬಿಣದ ಹಿಡಿ. ಮಣಿಕಟ್ಟು ಜೋರಾಗಿ ಝಾಡಿಸಿದರೆ ಒಂದರೊಳಗೊಂದು ಅಡಗಿದ್ದ ಕೊಳವೆಗಳು ಚಟ್ಟನೆ ಹೊರಬಂದು ಮೊಳದುದ್ದದ ಲಾಠಿಯಾಗುತ್ತಿತ್ತು.

“ಬ್ಯಾಟನ್ ಅಂತಾರೆ ಅಕ್ಕ. ಈ ಸದ್ದಿಗೇ ಅರ್ಧ ಜನ ಓಡಿಹೋಗ್ತಾರೆ.”

“ಇನ್ನರ್ಧ?”

“ಅವರಿಗೇ ಅಲ್ವಾ ಇದು ಇರೋದು!”

“ಇದನ್ನ ಇಟ್ಕೊಳ್ಳೋಕೆ ಏನೂ ತೊಂದರೆ ಇಲ್ವೇನೋ?”

“ನಾನು ಅಂಗಡೀಲಿ ಮಾರ್ತಿದ್ದೀನಿ, ರಸೀದಿ ಕೊಡ್ತೀನಿ. ತೊಂದರೆ ಇದ್ರೆ ಮಾರೋಕೆ ಬಿಡ್ತಿದ್ರಾ?”

ಬಿಚ್ಚುವುದು ಸುಲಭ, ಮಡಚುವುದು ಕಷ್ಟ. ತುದಿಯನ್ನು ಗಟ್ಟಿ ನೆಲಕ್ಕೆ ನೆಟ್ಟಗೆ ಒಂದೇ ಏಟು ಕುಟ್ಟಬೇಕು, ಆಗಷ್ಟೇ ಕೊಳವೆಗಳು ಒಳಗೆ ಹೋಗುತ್ತವೆ. ಸ್ವಲ್ಪ ಓರೆಯಾದರೂ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಯಾವುದನ್ನೂ ಅರೆಬರೆ ಕಲಿಯದ ಹೆಂಗಸು, ಸಂಜೆ ಹೊತ್ತು ಝಾಡಿಸಿ, ಕುಟ್ಟಿ, ಝಾಡಿಸಿ, ಕುಟ್ಟಿ ಅಭ್ಯಾಸ ಮಾಡಿದಳು. ಕೆಳಗಿನ ಡ್ರೈಕ್ಲೀನಿಂಗಿನವನು ಬಂದು, “ಅಕ್ಕ, ಮೇಲೆ ಮೊಳೆ ಹೊಡೀತಿದ್ದೀರಾ, ಗೋಡೆ ಒಡೀತಿದ್ದೀರಾ?” ಎಂದು ವಿಚಾರಿಸಿಕೊಂಡು ಹೋದ.

ಅತ್ತೆ ಅದನ್ನು ಬೆರಳಿನಿಂದ ಸವರಿ ನೋಡಿದರು. “ನಮ್ಮನೆ ಹಳೇ ರೇಡಿಯೋದ ಏರಿಯಲ್ ಇದ್ದ ಹಾಗಿದೆ ಕಣೇ. ಯಾವ ಸ್ಟೇಷನ್ ಹಿಡಿಯುತ್ತೆ?”

ಅಂದಿನಿಂದ ಸೊಸೆ ಹೊರಟಾಗಲೆಲ್ಲ ಹಾಸಿಗೆಯಿಂದ ಒಂದೇ ಪ್ರಶ್ನೆ: “ಏರಿಯಲ್ ತಗೊಂಡ್ಯಾ?” ಪಾಪ, ಆ ಏರಿಯಲ್ ಪೊಲೀಸ್ ಸ್ಟೇಷನ್ನನ್ನೇ ಹಿಡಿಯುತ್ತದೆಂದು ಅವರಿಗೇನು ಗೊತ್ತು.

ಚಳಿ ಕಳೆಯುವ ಹೊತ್ತಿಗೆ, ಅದೇ ಕಟ್ಟಡ, ಅದೇ ಮೆಟ್ಟಿಲು. ದೀಪ ಇನ್ನೂ ಹಾಕಿಸಿರಲಿಲ್ಲ. ಹಿಂದೆ ಹೆಜ್ಜೆ ಕೇಳಿತು. ಆಕೆ ನಿಂತಳು, ಹೆಜ್ಜೆಯೂ ನಿಂತಿತು. ಆಕೆ ಹತ್ತಿದಳು, ಹೆಜ್ಜೆಯೂ ಹತ್ತಿತು. ಹೆಗಲ ಮೇಲೆ ಕೈ ಬಿದ್ದದ್ದೇ ತಡ, ಚೀಲದ ಪಕ್ಕದ ಜೇಬಿನಿಂದ ಹಿಡಿ ಹೊರಬಂತು, ಚಟ್ಟೆಂದಿತು, ತಿರುಗಿ ಒಂದೇ ಏಟು. ಮುರಿದ ಮೂಳೆ ಆಕೆಗೆ ಹೊಸತಲ್ಲ. ತಾನೇ ಮುರಿದದ್ದು ಮಾತ್ರ ಹೊಸತು.

ಅವನು ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದ. ಮುಂಗೈ ಮಧ್ಯದಲ್ಲಿ ಬೇಡದ ಕಡೆಗೆ ಬಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗುತ್ತಿದ್ದರು. ಜನರ ತೋಳು ಹಿಡಿದೇ ಅರ್ಧ ಆಯುಸ್ಸು ಕಳೆದ ಈಕೆಗೆ ತೂಗಾಡುವ ಕೈಯೊಂದನ್ನು ಹಾಗೇ ಬಿಟ್ಟು ಹೋಗಲು ಆಗಲಿಲ್ಲ. “ಅಲುಗಾಡಿಸ್ಬೇಡ, ಸುಮ್ನಿರು” ಎಂದು ಗದರಿದಳು. ಆಸರೆಗೆ ಒಂದು ದಬ್ಬೆ ಬೇಕು. ಸುತ್ತ ಹುಡುಕಿದರೆ ಏನಿದೆ? ಕೈಯಲ್ಲಿದ್ದ ಲಾಠಿಯನ್ನೇ ಅವನ ಮುಂಗೈಗೆ ಹೊಂದಿಸಿ, ಚೀಲದ ಬ್ಯಾಂಡೇಜು ಬಟ್ಟೆ ಸುತ್ತಿ ಕಟ್ಟಿದಳು. ಕಟ್ಟುವಾಗ ಹೆಬ್ಬೆರಳು ಕೈಗೆ ತಗಲಿತು. ಬೋಳು, ನುಣ್ಣಗೆ.

ಅದೇ ಬೆರಳು. ಆದರೂ ಗಂಟು ಬಿಗಿಯಾಗಿಯೇ ಹಾಕಿದಳು.

ಕೂಗು ಕೇಳಿ ಹೊರಬಂದ ಟೀಚರಮ್ಮ ಆಂಬುಲೆನ್ಸಿಗೆ ಫೋನು ಮಾಡಿದರು. ಅವನನ್ನು ಹೊತ್ತುಕೊಂಡು ಹೋದ ಮೇಲೆ ಸೂಜಿಯಕ್ಕ ಕೈ ತೊಳೆದು, “ಏನಾದ್ರೂ ತಿಂದ್ರಾ?” ಎಂದು ಕೇಳಿ, ಅವರ ರಕ್ತ ತೆಗೆದು, ಚೀಟಿ ಅಂಟಿಸಿ, ಆಮೇಲೆ ದೂರು ಕೊಡಲು ಠಾಣೆಗೆ ಹೊರಟಳು. ಲಾಠಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಆಸ್ಪತ್ರೆಯವರು ಗಾಯಾಳುವಿನ ಕೈಯಿಂದ ಬಿಚ್ಚಿ, ಬ್ಯಾಂಡೇಜಿನ ಸಮೇತ ಕಳಿಸಿಕೊಟ್ಟಿದ್ದರು. ಮೇಜಿನ ಮೇಲೆ ಉದ್ದಕ್ಕೆ ಮಲಗಿತ್ತು.

“ಇದು ನಿಮ್ದಾ?” ಎಂದ ಇನ್ಸ್‌ಪೆಕ್ಟರು.

“ಹೌದು ಸಾರ್. ಬ್ಯಾಂಡೇಜೂ ನಂದೇ.”

ಅವರು ಮಡಚಲು ಹಿಂದೆ ಮುಂದೆ ತಳ್ಳಿದರು. ಪಕ್ಕದ ಪೇದೆ, ಅದೇ ಟೀ ಪೇದೆ, ತಿರುಚಿ ನೋಡಿದ. ಆಗಲಿಲ್ಲ. ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ. “ಹಾಗಲ್ಲ ಸಾರ್, ಕೊಡಿ ಇಲ್ಲಿ” ಎಂದು ಇಸಿದುಕೊಂಡು, ಬಗ್ಗಿ, ನೆಲಕ್ಕೆ ನೆಟ್ಟಗೆ ಒಂದೇ ಏಟು. ಲಾಠಿ ಬಾಲ ಮುದುರಿಕೊಂಡಿತು.

“ಅಭ್ಯಾಸ ಚೆನ್ನಾಗಿದೆ” ಎಂದರು ಇನ್ಸ್‌ಪೆಕ್ಟರು. ಪೇದೆ ಅದನ್ನು ಬರೆದುಕೊಂಡ. ಈ ಸಲ ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಹೇಳಿಕೆ ತೆಗೆದುಕೊಂಡ ಮಹಿಳಾ ಪೊಲೀಸು ಒಳ್ಳೆಯವಳು. ದನಿ ತಗ್ಗಿಸಿ, “ಅಕ್ಕ, ಯಾಕೆ ಇಟ್ಕೊಂಡಿದ್ರಿ ಅನ್ನೋ ಜಾಗದಲ್ಲಿ ನಾಯಿಗೆ ಅಂತ ಬರ್ಕೊಳ್ಲಾ?” ಎಂದಳು.

“ನಾಯಿಗಾ? ನಾಯಿ ಇವತ್ತಿನವರೆಗೂ ನನ್ನ ಹಿಂದೆ ಬಂದಿಲ್ಲಮ್ಮ. ಬಂದಿರೋದು ಮನುಷ್ಯರೇ. ಯಾರಾದ್ರೂ ಮೈಮೇಲೆ ಬಂದ್ರೆ ಹೊಡೆಯೋಕೆ ಇಟ್ಕೊಂಡಿದ್ದೆ.”

ಆ ಪೊಲೀಸಮ್ಮ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದು ಕಾದಳು. ಸೂಜಿಯಕ್ಕ ಮಾತು ಬದಲಿಸಲಿಲ್ಲ. ಹಾಗೇ ಬರೆದದ್ದಾಯಿತು. ದೂರು ಕೊಡಲು ಒಳಗೆ ಹೋದವಳು ಆರೋಪಿಯಾಗಿ ಹೊರಗೆ ಬಂದಳು. ಚೀಲದ ತುಂಬ ಚುಚ್ಚಲಿಕ್ಕೆಂದೇ ಇಟ್ಟ ಸೂಜಿಗಳಿದ್ದವು. ಅವುಗಳ ಬಗ್ಗೆ ಯಾರೂ ಕೇಳಲಿಲ್ಲ.

ತಮ್ಮ ಹುಡುಕಿಕೊಟ್ಟ ವಕೀಲೆ ಬಿಡಿಸಿ ಹೇಳಿದಳು. “ಮಾರೋದು ತಪ್ಪಲ್ಲ. ಕೊಳ್ಳೋದು ತಪ್ಪಲ್ಲ. ಮನೇಲಿ ಇಟ್ಕೊಂಡ್ರೂ ತಪ್ಪಲ್ಲ. ಮನುಷ್ಯರಿಗೆ ಹೊಡೆಯೋಕೆ ಅಂತ ಬೀದಿಗೆ ತಗೊಂಡು ಹೋದ್ರೆ ತಪ್ಪು. ಕಾಪಾಡ್ಕೊಳ್ಳೋಕೆ ಅಂದ್ರೂ ತಪ್ಪೇ.”

“ಅಂಗಡಿಯಿಂದ ಮನೆಗೆ ಬೀದಿ ತುಳೀದೆ ಹೇಗೆ ತಗೊಂಡು ಹೋಗೋದು?” ಎಂದು ತಮ್ಮ ರೇಗಿದ.

“ಡಬ್ಬಿ ಒಡೀದೆ.” ವಕೀಲೆ ಆಕೆಯ ಕಡೆ ತಿರುಗಿದಳು. “ನೀವು ಹೊಡೆದದ್ದಕ್ಕೆ ನಾನು ಕ್ಷಮೆ ಕೊಡಿಸಬಲ್ಲೆ. ಹೊತ್ಕೊಂಡು ಹೋದದ್ದಕ್ಕೆ ಆಗಲ್ಲ.”

“ಛತ್ರೀಲಿ ಹೊಡೆದಿದ್ರೆ?”

“ಇವತ್ತು ಇಲ್ಲಿ ಕೂತಿರ್ತಿರಲಿಲ್ಲ.”

“ಅಂದ್ರೆ, ಭಯ ಆ ಕ್ಷಣಕ್ಕೆ ಬರ್ಬೇಕು. ಮನೆಯಿಂದ ಭಯ ಪಟ್ಕೊಂಡು ಹೊರಡಬಾರದು.”

“ಹೆಚ್ಚುಕಮ್ಮಿ ಹಾಗೇ” ಎಂದ ವಕೀಲೆ ಕಡತ ಮುಚ್ಚಿದಳು. “ಕೇಳಿ. ಠಾಣೇಲಿ ಗಾಬರೀಲಿ ಏನೋ ಹೇಳ್ಬಿಟ್ಟೆ, ನಿಜವಾಗಿ ನಾಯಿಗೆ ಅಂತ ಇಟ್ಕೊಂಡಿದ್ದೆ ಅನ್ನಿ. ಬೆಳಗಿನ ಜಾವ ಮನೆಮನೆ ಸುತ್ತೋ ಹೆಂಗಸು, ಯಾರೂ ನಂಬದೆ ಇರಲ್ಲ. ಕೇಸು ಬಿದ್ದುಹೋಗುತ್ತೆ.”

ಬೀಳಲೇಬೇಕಿತ್ತು. ಲ್ಯಾಬಿನ ಡಾಕ್ಟರು ಮೊದಲೇ ಹೇಳಿದ್ದರು: ಆಯುಧದ ಕೇಸಿನಲ್ಲಿ ಶಿಕ್ಷೆಯಾದವರನ್ನು ಜನರ ಮನೆಯೊಳಗೆ, ಹಾಸಿಗೆಯ ಪಕ್ಕಕ್ಕೆ ಕಳಿಸಲು ಬರುವುದಿಲ್ಲ. ಮನೆಗಳಿಲ್ಲದ ಸೂಜಿಯಕ್ಕ ಎಂದರೆ ಬರಿಯ ಸೂಜಿ.

“ನಾಯಿ ಅನ್ನೇ” ಎಂದರು ಅತ್ತೆ. “ಅವನನ್ನ ನಾಯಿ ಅಂದ್ರೆ ಸುಳ್ಳೂ ಆಗಲ್ಲ.”

“ನೀವು ಬಿಸ್ಕತ್ತು ತಿಂದಿಲ್ಲ ಅಂತೀರಲ್ಲ, ಹಾಗಾ?”

“ಹ್ಞೂಂ, ಹಾಗೇ. ನಾನು ಬದುಕಿಲ್ವಾ?” ಎಂದ ಅತ್ತೆ ಕತ್ತಲ ಕಣ್ಣನ್ನು ಇವಳ ಕಡೆ ಎತ್ತಿದರು. “ನಿನ್ನ ಕೆಲಸ ಉಳಿಸ್ಕೊಳ್ಳೇ, ತಾಯಿ.”

ಅಂದು ರಾತ್ರಿಯೇ ಆಕೆ ಒಪ್ಪಿಕೊಂಡಳು. ನಾಯಿ ಎಂದು ಹೇಳುವುದನ್ನೂ ಅಭ್ಯಾಸ ಮಾಡಿದಳು.

ಕೋರ್ಟಿನಲ್ಲಿ ಅವನು ಮುಂದಿನ ಬೆಂಚಿನಲ್ಲಿ ಕೂತಿದ್ದ. ತಲೆ ಬಾಚಿ, ಬಿಳಿ ಶರ್ಟು ತೊಟ್ಟು, ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು. ಮೆಟ್ಟಿಲಲ್ಲಿ ದಾರಿ ಬಿಡಿ ಎಂದು ಕೇಳಲು ಹೆಗಲು ಮುಟ್ಟಿದೆ, ಅಷ್ಟಕ್ಕೇ ಹೊಡೆದರು ಎಂದು ಹೇಳಿ ಕೂತ. ಚಳಿಗಾಲದ ದೂರು ಯಾವ ಪುಸ್ತಕದಲ್ಲೂ ಇರಲಿಲ್ಲ. ಪ್ಲಾಸ್ಟರಿನಿಂದ ಹೆಬ್ಬೆರಳೊಂದು ಹೊರಗೆ ಇಣುಕುತ್ತಿತ್ತು.

ಆಕೆಯ ಸರದಿ ಬಂತು. “ಈ ವಸ್ತುವನ್ನು ಯಾಕೆ ಇಟ್ಕೊಂಡಿದ್ರಿ?” ಎಂದು ನ್ಯಾಯಾಧೀಶರು ಕೇಳಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ವಕೀಲೆ ಆಕೆಯನ್ನೇ ನೋಡುತ್ತಿದ್ದಳು. ನಾಲಿಗೆಯ ತುದಿಗೆ ನಾಯಿ ಬಂದು ನಿಂತಿತ್ತು.

ಆಕೆ ಆ ಹೆಬ್ಬೆರಳನ್ನು ನೋಡಿದಳು. ನಾಯಿ ಎಂದುಬಿಟ್ಟರೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲವೆಂದಾಗುತ್ತದೆ. ಬಾಯಿಯ ಮೇಲೆ ಕೈ ಬಿದ್ದಿರಲಿಲ್ಲ, ಗೋಡೆಗೆ ಯಾರೂ ಒತ್ತಿರಲೇ ಇಲ್ಲ. ದಾರಿ ಕೇಳಿದ ಸಂಭಾವಿತನ ಕೈಯನ್ನು ನಾಯಿಗೆಂದು ಇಟ್ಟ ಕೋಲಿನಿಂದ ಹುಚ್ಚು ಹೆಂಗಸೊಬ್ಬಳು ಮುರಿದಳು. ಬರೆದಿಡುವುದು ಅಷ್ಟನ್ನೇ.

“ಇವನಿಗೆ ಅಂತ ಇಟ್ಕೊಂಡಿದ್ದೆ ಸ್ವಾಮಿ” ಎಂದಳು. “ಚಳಿಗಾಲದಲ್ಲಿ ಬಾಯಿ ಮುಚ್ಚಿ ಹಿಡಿದೋನು ಇವನೇ. ಆ ಹೆಬ್ಬೆರಳು ನೋಡಿ.”

ನ್ಯಾಯಾಧೀಶರು ನೋಡಿದರು. ಕೋರ್ಟೆಲ್ಲ ನೋಡಿತು. ಅವನು ಮೊದಲ ಬಾರಿಗೆ ಕೈಯನ್ನು ಅಂಗಿಯ ಮರೆಗೆ ಎಳೆದುಕೊಂಡ. ಆಕೆಗೆ ಸಿಕ್ಕಿದ ನ್ಯಾಯ ಅಷ್ಟೇ. ಉಗುರಿಲ್ಲದ ಬೆರಳುಗಳು ಲೋಕದಲ್ಲಿ ಬೇಕಾದಷ್ಟಿವೆ ಎಂದು ಅವನ ವಕೀಲ ಹೇಳಿದ, ಅದೂ ನಿಜವೇ. ಹೊಡೆದ ಆರೋಪದಿಂದ ಆಕೆಯನ್ನು ಬಿಟ್ಟರು, ಲಾಠಿ ಹೊತ್ತ ಆರೋಪಕ್ಕೆ ದಂಡ ಹಾಕಿದರು. ಲಾಠಿ ಸರ್ಕಾರದ ಪಾಲಾಯಿತು. ಅವನು ಮನೆಗೆ ಹೋದ.

ಈಗ ಸೂಜಿಯಕ್ಕ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಬೇರೆಯವರು ತಂದ ಟ್ಯೂಬುಗಳನ್ನು ಜೋಡಿಸುತ್ತಾಳೆ. ಕಿಟಕಿಯಿಲ್ಲದ ಕೋಣೆ, ಫ್ರಿಜ್ಜಿನ ಗುಂಯ್ ಸದ್ದು. ಟ್ಯೂಬುಗಳು ಮಾತಾಡುವುದಿಲ್ಲ, ಅವುಗಳಿಗೆ ಮೊಮ್ಮಗಳೂ ಇಲ್ಲ. ಅವಳ ರೌಂಡ್ಸಿಗೆ ಹೊಸಬಳೊಬ್ಬಳು ಬಂದಿದ್ದಾಳೆ, ಎರಡು ಮಕ್ಕಳ ತಾಯಿ. ಒಂದು ದಿನ ಪೆಟ್ಟಿಗೆ ಕೆಳಗಿಟ್ಟು ಅಲ್ಲೇ ನಿಂತಳು.

“ಅಕ್ಕ, ಆ ಟೀಚರಮ್ಮನ ಕಟ್ಟಡದಲ್ಲಿ ಮೆಟ್ಟಿಲ ದೀಪ ಇಲ್ವಲ್ಲ.”

“ಇಲ್ಲ.”

“ನಿನ್ನೆ ಹಿಂದೆ ಯಾರೋ ಬಂದ ಹಾಗಿತ್ತು. ಕೈಯಲ್ಲಿ ಏನಾದ್ರೂ ಇಟ್ಕೊಳ್ಳಲಾ?”

ಸೂಜಿಯಕ್ಕ ಕೈಗವಸು ಬಿಚ್ಚಿದಳು. ಗೋಡೆಯ ಮೊಳೆಗೆ ತಮ್ಮನ ಅಂಗಡಿಯ ಛತ್ರಿ ನೇತುಹಾಕಿತ್ತು, ಉದ್ದನೆಯದು, ತುದಿಗೆ ಕಬ್ಬಿಣದ ಮೊನೆಯದು. ತೆಗೆದು ಅವಳ ಕೈಗೆ ಕೊಟ್ಟಳು. ಹೊರಗೆ ಬೇಸಿಗೆಯ ಬಿಸಿಲು ಸುಡುತ್ತಿತ್ತು.

“ಈಗೆಲ್ಲಿ ಮಳೆ ಅಕ್ಕ?”

“ಯಾರಾದ್ರೂ ಕೇಳಿದ್ರೆ ಮಳೆಗೆ ಅಂತಾನೇ ಹೇಳು” ಎಂದಳು ಸೂಜಿಯಕ್ಕ. “ಎಷ್ಟು ಸಲ ಕೇಳಿದ್ರೂ, ಯಾರೇ ಕೇಳಿದ್ರೂ, ಮಳೆಗೆ. ಎಲ್ಲಿ, ಒಂದ್ಸಲ ಹೇಳು ನೋಡೋಣ.”